ತಂಪು ಮನೆಗೆ ಖರ್ಚು ಜಾಸ್ತಿ ಆಗುವುದು ಎಲ್ಲಿ?

ಪ್ರಶ್ನೆ: ನಾನು ಕಾಪು ಕಡೆಯ ಸಣ್ಣ ಕಂಟ್ರಾಕ್ಟರ್. 35 ಸೆಂಟ್ಸ್ ಜಾಗದಲ್ಲಿ ದಾರಿ ಬಿಟ್ಟು ಆರು ಮನೆ ಕಟ್ಟಿಕೊಡುತ್ತಿದ್ದೇನೆ. ಒಂದೊಂದೂ 650 ಚದರಡಿ, ಎರಡು ಬೆಡ್‌ರೂಮು. ತೆಗೆದುಕೊಳ್ಳುವವರು ಸಾಧಾರಣ ಸಂಬಳದವರು. 'ಮನೆ ತಂಪಾಗಿರುತ್ತದೆ, ಕರೆಂಟ್ ಬಿಲ್ ಕಮ್ಮಿ ಬರುತ್ತದೆ' ಎಂದು ಹೇಳಿ ಮೊದಲ ಎರಡು ಮನೆಗೆ ಎಎಸಿ ಬ್ಲಾಕ್ (ಹಗುರ ಕಾಂಕ್ರೀಟಿನ ಇಟ್ಟಿಗೆ), ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಕಿಟಕಿ, ತಾರಸಿಗೆ ಬಿಳಿ ಕೋಟಿಂಗ್ ಹಾಕಿದೆ. ಒಂದು ಮನೆಗೆ 15 ಲಕ್ಷ ಎಂದುಕೊಂಡಿದ್ದು 17.5 ಲಕ್ಷ ಆಯಿತು. ಉಳಿದ ನಾಲ್ಕು ಮನೆಯವರು ಈಗ 'ಆ ತಂಪು ಗಿಂಪು ಬೇಡ, ಸಾದಾ ಮನೆ ಸಾಕು' ಅನ್ನುತ್ತಿದ್ದಾರೆ. ಎಲ್ಲಿ ತಪ್ಪಿತು? ಬ್ಲಾಕ್, ಕಿಟಕಿ, ಕೋಟಿಂಗ್, ಫ್ಯಾನಿಗೆ 70,000, ಒಡೆದು ಮತ್ತೆ ಮಾಡಿದ್ದಕ್ಕೆ 40,000, ಮಳೆಗೆ ಕೆಲಸ ನಿಂತದ್ದಕ್ಕೆ 50,000, ಕೊನೆಗೆ ಮನೆಯವರು ಹಟ ಮಾಡಿ ಹಾಕಿಸಿದ ಶೀಟಿನ ಮಾಡಿಗೆ (ಛಾವಣಿಗೆ) 90,000. ಹೀಗೆ ಒಂದು ಮನೆಗೆ ಎರಡೂವರೆ ಲಕ್ಷ ಮೇಲೆ ಬಿತ್ತು.

ಉತ್ತರ: ನಿಮ್ಮ ಲೆಕ್ಕದಲ್ಲೇ ಉತ್ತರ ಉಂಟು. ಎರಡೂವರೆ ಲಕ್ಷದಲ್ಲಿ ಕರೆಂಟ್ ಉಳಿಸುವ ಸಾಮಾನಿಗೆ ಹೋದದ್ದು 70,000 ಮಾತ್ರ. ಉಳಿದ 1,80,000 ಹೋದದ್ದು ತಡವಾಗಿ ಮಾಡಿದ ತೀರ್ಮಾನಗಳಿಗೆ. ಸಾದಾ ಮನೆ ಕಟ್ಟಿದ್ದರೂ ಆ ದುಡ್ಡು ಹೋಗುತ್ತಿತ್ತು. ಹಾಗಾಗಿ ಉಳಿದ ನಾಲ್ಕು ಮನೆಯಿಂದ ತಂಪನ್ನು ತೆಗೆದುಹಾಕಿದರೆ ಸಮಸ್ಯೆ ಹಾಗೇ ಇರುತ್ತದೆ. ಮನೆ ಮಾತ್ರ ಬಿಸಿಯಾಗುತ್ತದೆ.

ಮೊದಲು ಮಾಡಿನ ವಿಷಯ ಮಾತಾಡುವ. ದುಡ್ಡೂ ಸೆಖೆಯೂ ಜಾಸ್ತಿ ಇರುವುದು ಅಲ್ಲೇ.

ನಮ್ಮ ಕರಾವಳಿಯಲ್ಲಿ ತಾರಸಿ ಮನೆ ಕಟ್ಟಿದವರು ಎರಡು ಮಳೆಗಾಲ ಕಳೆಯುವುದರೊಳಗೆ ಮೇಲೆ ಶೀಟು ಹಾಕಿಸುತ್ತಾರೆ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ನೋಡಿ, ಶೀಟಿಲ್ಲದ ತಾರಸಿ ಹುಡುಕಬೇಕು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ಊರು ನಮ್ಮದು. ಸಮತಟ್ಟಾದ ಕಾಂಕ್ರೀಟು ಎಷ್ಟು ದಿನ ತಡೆದೀತು? ಇಲ್ಲಿ ಶೀಟಿನ ಮಾಡು ಮನೆಯ ಒಂದು ಭಾಗವೇ. ಎಸ್ಟಿಮೇಟಿನಲ್ಲಿ ಮಾತ್ರ ಅದು ಇರುವುದಿಲ್ಲ. ಕಟ್ಟುವವರು 'ಅದು ಮನೆಯವರ ಖುಷಿ' ಎಂದು ಬಿಡುತ್ತಾರೆ. ಮನೆಯವರು ಒಕ್ಕಲು ಆದ ಮೇಲೆ ಚಿನ್ನ ಅಡವಿಟ್ಟು ಹಾಕಿಸುತ್ತಾರೆ.

ನೀವು ಮಾಡಿದ್ದನ್ನೇ ನೋಡಿ. ಸ್ಲ್ಯಾಬ್ ಸೋರಬಾರದು ಎಂದು ಮೇಲೆ ವಾಟರ್‌ಪ್ರೂಫಿಂಗ್, ಬಿಸಿ ಆಗಬಾರದು ಎಂದು ಬಿಳಿ ಕೋಟಿಂಗ್, ಸುತ್ತ ಮೂರಡಿ ಪ್ಯಾರಪೆಟ್. ಆಮೇಲೆ ಅದೆಲ್ಲವನ್ನೂ ಮುಚ್ಚಿ ಶೀಟು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಮೇಲೆ ನೆರಳು ಬಿದ್ದ ಮೇಲೆ ಬಿಳಿ ಕೋಟಿಂಗಿಗೆ ಕೆಲಸವೇ ಇಲ್ಲ. ಶೀಟು ಹಾಕದಿದ್ದರೂ ನಮ್ಮಲ್ಲಿ ಆ ಬಿಳುಪು ಒಂದು ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗುತ್ತದೆ. ಪ್ರತಿ ಡಿಸೆಂಬರಿನಲ್ಲಿ ತಿಕ್ಕಿ ತೊಳೆದರೆ ಮಾತ್ರ ಮಾರ್ಚ್–ಏಪ್ರಿಲ್ ಬಿಸಿಲಿಗೆ ಅದು ಪ್ರಯೋಜನಕ್ಕೆ ಬರುತ್ತದೆ. ಒಣ ಊರುಗಳಲ್ಲಿ ಒಳ್ಳೆಯ ಫಲ ಕೊಡುವ ಉಪಾಯ ಇಲ್ಲಿ ವರ್ಷವರ್ಷದ ಕೂಲಿ ಆಗಿಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ಶೀಟಿನ ಮಾಡನ್ನು ಮೊದಲ ದಿನದ ನಕ್ಷೆಯಲ್ಲೇ ಸೇರಿಸಿ. ಸ್ಲ್ಯಾಬ್ ಹಾಕುವಾಗಲೇ ಟ್ರಸ್ಸಿನ (ಶೀಟು ಹೊರುವ ಕಬ್ಬಿಣದ ಚೌಕಟ್ಟಿನ) ಕಂಬ ನಿಲ್ಲಿಸುವ ಜಾಗಕ್ಕೆ ಕಬ್ಬಿಣದ ಪ್ಲೇಟ್ ಕೂರಿಸಿ. ಆಮೇಲೆ ಸ್ಲ್ಯಾಬ್ ಕೊರೆದು ಬೋಲ್ಟ್ ಹಾಕುವ ಕೆಲಸ ಇರುವುದಿಲ್ಲ. ಎಷ್ಟೋ ಮನೆಯಲ್ಲಿ ಸೋರಿಕೆ ಶುರುವಾಗುವುದೇ ಆ ತೂತುಗಳಿಂದ. ಮಾಡು ಇಳಿಜಾರಾಗುವ ಎರಡು ಬದಿಯ ಅಂಚನ್ನು ತಗ್ಗಿಸಿ, ಸ್ಲ್ಯಾಬಿಗಿಂತ ಎರಡಡಿ ಮೇಲೆ ಬರುವ ಹಾಗೆ, ಗೋಡೆಯಿಂದ ಮೂರಡಿ ಹೊರಗೆ ಇಳಿಸಿ. ಆ ಎರಡು ಬದಿಗೆ ಪ್ಯಾರಪೆಟ್ ಬೇಡ. ಉಳಿದ ಎರಡು ತುದಿಗೆ ಬರೀ ಬಲೆ ಹೊಡೆದು ತೆರೆದೇ ಬಿಡಿ. ಸ್ಲ್ಯಾಬಿಗೂ ಶೀಟಿಗೂ ನಡುವೆ ಗಾಳಿ ಆಡಬೇಕು. ಶೀಟಿನ ಬಿಸಿ ಆ ಗಾಳಿಯ ಜೊತೆ ಹೊರಗೆ ಹೋದರೆ ಕೆಳಗಿನ ಸ್ಲ್ಯಾಬ್ ಬಿಸಿಲನ್ನೇ ಕಾಣುವುದಿಲ್ಲ. ಮನೆಯವರು ತುದಿಗಳನ್ನೂ ಶೀಟಿನಿಂದ ಮುಚ್ಚಿಸಿ ಸಾಮಾನು ತುಂಬಿಸುವುದನ್ನು ನೋಡುತ್ತೇನೆ. ಹಾಗೆ ಮಾಡಿದರೆ ಮೇಲೆ ಒಲೆ ಇಟ್ಟಂತೆ.

ಇನ್ನೊಂದು ಸಣ್ಣ ವಿಷಯ. ಸಮುದ್ರದ ಗಾಳಿಗೆ ಶೀಟಿಗಿಂತ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ. ಸ್ಕ್ರೂವಿನ ತಲೆ ಕೆಂಪಾಗಿ, ಕೆಳಗಿನ ರಬ್ಬರ್ ವಾಷರ್ ಸೀಳಿ, ಅಲ್ಲಿಂದ ಹನಿ ಹನಿ ನೀರು ಇಳಿಯುತ್ತದೆ. ಆಗ ಮನೆಯವರು ಶೀಟೇ ಹಾಳಾಯಿತೆಂದು ಬದಲಾಯಿಸುತ್ತಾರೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಇಡೀ ಮನೆಗೆ ಬೀಳುವ ಹೆಚ್ಚಿನ ಖರ್ಚು ಅಷ್ಟಕ್ಕಷ್ಟೆ. ಕಾಪುವಿನಲ್ಲಿ ಕಡಲು ಹತ್ತಿರ ಇರುವುದರಿಂದ ಇದನ್ನು ಫ್ಯಾಬ್ರಿಕೇಷನ್‌ನವರ ಇಷ್ಟಕ್ಕೆ ಬಿಡಬೇಡಿ.

ಮುಂದೆ ಮೇಲೊಂದು ಅಂತಸ್ತು ಕಟ್ಟುವ ಯೋಚನೆಯೇ ಇಲ್ಲದವರು ಇದ್ದರೆ ಅವರಿಗೆ ಸ್ಲ್ಯಾಬೇ ಬೇಡ ಎಂದು ಧೈರ್ಯವಾಗಿ ಹೇಳಿ. ಕಬ್ಬಿಣದ ಟ್ಯೂಬಿನ ಪಕ್ಕಾಸು, ರೀಪು, ಮೇಲೆ ಮಂಗಳೂರು ಹಂಚು, ಅಡಿಯಲ್ಲಿ ಸೀಲಿಂಗ್ ಹಂಚು. ಎರಡು ಹಂಚಿನ ನಡುವೆ ಗಾಳಿ ಇರುತ್ತದೆ, ಹಂಚಿನ ಸಂದಿನಿಂದ ಬಿಸಿ ಹೊರಗೆ ಹೋಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಹಂಚು ನಮ್ಮ ಮಳೆಗೆ ನಿಂತು ತೋರಿಸಿದೆ. ಹಂಚು ಬಡವರ ಮನೆಗೆ ಎಂಬ ಮಾತು ಯಾಕೆ ಬಂತೋ. ನನಗಂತೂ ಕರಾವಳಿಗೆ ಇದಕ್ಕಿಂತ ಒಳ್ಳೆಯ ಮಾಡು ಗೊತ್ತಿಲ್ಲ.

ಇಲ್ಲಿ ಸರ್ಕಾರದ ಒಂದು ಅಳತೆ ನಿಮಗೆ ಗೊತ್ತಿರಲಿ. 2018ರ ಇಕೋ ನಿವಾಸ್ ಸಂಹಿತೆ ವಾಸದ ಮನೆಗಳಿಗೆ ಕೆಲವು ಮಿತಿ ಹಾಕಿದೆ. ಮಾಡಿನಿಂದ ಒಳಗೆ ಬರುವ ಬಿಸಿಗೆ ಅದರ ಮಿತಿ 1.2 ಯು-ವ್ಯಾಲ್ಯೂ (ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಮ್ಮಿ ಇದ್ದಷ್ಟು ಒಳ್ಳೆಯದು). ಬರೀ ಕಾಂಕ್ರೀಟ್ ಸ್ಲ್ಯಾಬಿನದ್ದು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಈ ಸಂಹಿತೆ ಇರುವುದು 500 ಚದರ ಮೀಟರ್‌ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ದಾರಿ ಬಿಟ್ಟು ನಿಮ್ಮ ಒಂದು ಮನೆಗೆ ಐದು ಸೆಂಟ್ಸ್ ಎಂದಿಟ್ಟುಕೊಂಡರೆ ಸುಮಾರು 200 ಚದರ ಮೀಟರ್, ಹಾಗಾಗಿ ಒಂಟಿ ಮನೆಗೆ ಕಡ್ಡಾಯ ಅಲ್ಲ. ಆದರೂ ಯಾವುದು ಮುಖ್ಯ, ಯಾವುದು ಅಲ್ಲ ಎಂದು ನೋಡಲು ಒಳ್ಳೆಯ ಅಳತೆ. ಅದರಲ್ಲಿ ನಮ್ಮಂಥ ಸೆಖೆಯ ಊರಿಗೆ ಇನ್ನೊಂದು ಮಾತು ಉಂಟು. ತೆರೆಯಲು ಬರುವ ಕಿಟಕಿ, ಬಾಗಿಲಿನ ಜಾಗ ನೆಲದ ಶೇ 16.66ರಷ್ಟಾದರೂ ಇರಬೇಕು.

ಇದನ್ನು ನಿಮ್ಮ ಕಿಟಕಿಗೆ ಹಚ್ಚಿ ನೋಡುವ. ಬೆಡ್‌ರೂಮು 10ಕ್ಕೆ 12 ಅಡಿ, ಅಂದರೆ 120 ಚದರಡಿ. 20 ಚದರಡಿ ತೆರೆಯುವ ಜಾಗ ಬೇಕು. ನಾಲ್ಕಡಿಗೆ ನಾಲ್ಕಡಿಯ ಎರಡು ಸ್ಲೈಡಿಂಗ್ ಕಿಟಕಿ ಇಟ್ಟಿದ್ದೀರಿ ಅಂದುಕೊಳ್ಳಿ. ನೋಡಲು 32 ಚದರಡಿ. ಆದರೆ ಸ್ಲೈಡಿಂಗಿನಲ್ಲಿ ಒಂದು ಗಾಜಿನ ಮೇಲೆ ಇನ್ನೊಂದು ಬಂದು ನಿಲ್ಲುತ್ತದೆ, ತೆರೆಯುವುದು ಅರ್ಧ ಮಾತ್ರ. 16 ಆಯಿತು. ಅದೇ ಅಳತೆಯ ತಿರುಗಣಿ (ಬಾಗಿಲಿನ ಹಾಗೆ ತೆರೆಯುವ) ಕಿಟಕಿ ಶೇ 90ರಷ್ಟು ತೆರೆಯುತ್ತದೆ, ಹತ್ತಿರ ಹತ್ತಿರ 29 ಚದರಡಿ. ಜಾಸ್ತಿ ದುಡ್ಡು ಕೊಟ್ಟು ಗಾಳಿ ಅರ್ಧ ಮಾಡಿಕೊಂಡ ಹಾಗಾಗಲಿಲ್ವಾ? ಏಪ್ರಿಲ್‌ನಲ್ಲಿ ನಮ್ಮಲ್ಲಿ ರಾತ್ರಿಯೂ 26 ಡಿಗ್ರಿ ಆಸುಪಾಸು ಇರುತ್ತದೆ, ಬೆವರು ಆರುವುದೇ ಇಲ್ಲ. ಇಲ್ಲಿ ತಂಪು ಅಂದರೆ ಗಾಳಿ. ಗಾಜಿನ ಗುಣಮಟ್ಟ ಎರಡನೆಯ ಮಾತು.

ಸಿಮೆಂಟಿನ ದಾರಂದ (ಚೌಕಟ್ಟು), ಸಾದಾ ಮರದ ಅಥವಾ ಕಬ್ಬಿಣದ ತಿರುಗಣಿ ಕಿಟಕಿ ಸಾಕು. ಸೊಳ್ಳೆ ಪರದೆ ಒಳಗಡೆ ಬರುತ್ತದೋ ಹೊರಗಡೆಯೋ, ಸರಳು ಎಲ್ಲಿ, ಇದನ್ನೆಲ್ಲ ದಾರಂದ ಎರಕ ಹೊಯ್ಯುವ ಮೊದಲೇ ತೀರ್ಮಾನಿಸಿ. ನೀವು 'ಒಡೆದು ಮತ್ತೆ ಮಾಡಿದ್ದು' ಎಂದು ಬರೆದ 40,000ದಲ್ಲಿ ಹೆಚ್ಚಿನದು ಪರದೆಗೆ ಮೂರನೇ ಟ್ರ್ಯಾಕ್ ಬೇಕಾಗಿ ಕಿಟಕಿ ಬದಲಿಸಿದ್ದಕ್ಕೂ, ಎಸಿ ಪಾಯಿಂಟಿಗೆ ಗೋಡೆ ಕೊರೆದದ್ದಕ್ಕೂ ಹೋಗಿರುತ್ತದೆ ಎಂಬುದು ನನ್ನ ಅಂದಾಜು. ಎಲ್ಲ ಮನೆಯಲ್ಲೂ ಇದೇ ಕಥೆ. ನಾಲ್ಕು ಮನೆಗೂ ಕಿಟಕಿಯ ಅಳತೆ ಒಂದೇ ಇಡಿ. ಒಟ್ಟಿಗೆ ಆರ್ಡರ್ ಕೊಟ್ಟರೆ ರೇಟೂ ಇಳಿಯುತ್ತದೆ, ಒಂದು ಕಡೆ ಉಳಿದದ್ದು ಇನ್ನೊಂದು ಕಡೆಗೆ ಆಗುತ್ತದೆ. ಮತ್ತೆ, ಸನ್‌ಶೇಡಿನ ಅಡಿಯಲ್ಲಿ ಅಂಚಿಗೆ ಒಂದು ಸಣ್ಣ ಗೀರು ಎಳೆಯಲು ಮೇಸ್ತ್ರಿಗೆ ಹೇಳಿ. ಸಾರಣೆ ಹಸಿ ಇರುವಾಗ ಐದು ನಿಮಿಷದ ಕೆಲಸ. ಅದು ಇಲ್ಲದಿದ್ದರೆ ಮಳೆ ನೀರು ಸನ್‌ಶೇಡಿನ ಅಡಿಯಲ್ಲೇ ಹರಿದು ಬಂದು ಕಿಟಕಿಯ ಮೇಲಿನ ಗೋಡೆ ಒದ್ದೆ ಮಾಡುತ್ತದೆ. ಒದ್ದೆ ಆಗುತ್ತದೆ ಎಂದು ಮನೆಯವರು ಜೂನ್‌ನಿಂದ ಕಿಟಕಿ ಮುಚ್ಚಿಡುತ್ತಾರೆ. ಕಿಟಕಿ ಮುಚ್ಚಿದರೆ ಫ್ಯಾನು, ಕೊನೆಗೆ ಎಸಿ.

ಗೋಡೆ ಬಗ್ಗೆ. ಎಎಸಿ ಬ್ಲಾಕ್ ಬಿಸಿ ತಡೆಯುವುದರಲ್ಲಿ ಇಟ್ಟಿಗೆಗಿಂತ ತುಂಬಾ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಲಾಭ ಸಿಗುವುದು ಕಿಟಕಿ ಮುಚ್ಚಿ ಎಸಿ ಹಾಕುವ ಮನೆಗೆ. ಗಾಳಿಗೆ ತೆರೆದಿಡುವ ಸಣ್ಣ ಮನೆಗೆ ಗೋಡೆಯ ಮೇಲೆ ನೆರಳು ಬಿದ್ದರೆ ಕೆಂಪು ಕಲ್ಲೇ ಸಾಕು. ಪಶ್ಚಿಮದ ಗೋಡೆಗೆ ಬಚ್ಚಲು, ಮೆಟ್ಟಿಲು ಬರುವ ಹಾಗೆ ನಕ್ಷೆ ತಿರುಗಿಸಿದರೆ ಸಂಜೆಯ ಬಿಸಿಲು ಅವುಗಳ ಮೇಲೆ ಬೀಳುತ್ತದೆ. ಇದಕ್ಕೆ ಒಂದು ರೂಪಾಯಿಯೂ ಬೇಡ. ಎಎಸಿಗೆ ಬೇರೆ ಅಂಟು ಬೇಕು, ಕಂಬ ಸೇರುವಲ್ಲಿ ಬಲೆ ಬೇಕು, ಅಭ್ಯಾಸ ಇರುವ ಮೇಸ್ತ್ರಿ ಬೇಕು. ಸೈಟಿನಲ್ಲಿ ಮಳೆಗೆ ನೆನೆದ ಬ್ಲಾಕಿನಲ್ಲಿ ಕಟ್ಟಿ ಸಾರಣೆ ಮಾಡಿದರೆ ಒಣಗುವಾಗ ಬಿರುಕು ಬಿಡುತ್ತದೆ. ಕಲ್ಲಿನದ್ದೂ ಒಂದು ಕಷ್ಟ ಉಂಟು, ಸಿಗುವುದು. 2025ರಲ್ಲಿ ಕೆಂಪು ಕಲ್ಲು, ಮರಳು ಸಿಗದೆ ದಕ್ಷಿಣ ಕನ್ನಡದಲ್ಲಿ ಎಷ್ಟೋ ಕೆಲಸ ನಿಂತದ್ದು ನಿಮಗೆ ಗೊತ್ತೇ ಇದೆ. ಆದ್ದರಿಂದ ನಾಲ್ಕು ಮನೆಯ ಕಲ್ಲನ್ನು ಪರವಾನಗಿ ಇರುವ ಕ್ವಾರಿಯಿಂದ ಒಮ್ಮೆಗೇ ತರಿಸಿ ಜೋಡಿಸಿ ಇಡಿ. ಗಾಳಿಗೆ ಬಿಟ್ಟಷ್ಟೂ ಕೆಂಪು ಕಲ್ಲು ಗಟ್ಟಿಯಾಗುತ್ತದೆ, ನಷ್ಟ ಏನಿಲ್ಲ.

ಕಾಂಕ್ರೀಟಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಹೇಳುವುದು ಎಂ30 ಗ್ರೇಡ್, ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಕವರ್ ಬ್ಲಾಕಿನ ಬದಲು ಜಲ್ಲಿ ತುಂಡು ಇಟ್ಟು ಸ್ಲ್ಯಾಬ್ ಹಾಕಿದ ಮನೆಗಳಲ್ಲಿ ಸರಳು ತುಕ್ಕು ಹಿಡಿದು, ಉಬ್ಬಿ, ಅಡಿಯ ಕಾಂಕ್ರೀಟು ಕಳಚಿ ಬೀಳುತ್ತದೆ. ಸಾಲದ ಕಂತು ಮುಗಿಯುವ ಮೊದಲೇ ರಿಪೇರಿ ಬಂದರೆ ಅದು ಕಮ್ಮಿ ದುಡ್ಡಿನ ಮನೆ ಹೇಗಾದೀತು?

ಇನ್ನು ಮಳೆ. 50,000 ಎಂದು ಬರೆದಿದ್ದೀರಿ. ಅದು ನಿಮ್ಮ ಕೈಯಿಂದ ಹೋದದ್ದು. ಮನೆಯವರ ಕೈಯಿಂದ ಹೋದದ್ದು ನಿಮ್ಮ ಲೆಕ್ಕಕ್ಕೆ ಬರಲೇ ಇಲ್ಲ. 12 ಲಕ್ಷ ಸಾಲ ಬಿಡುಗಡೆ ಆಗಿದೆ, ಬಡ್ಡಿ ಶೇ 9 ಎಂದಿಟ್ಟುಕೊಳ್ಳಿ. ತಿಂಗಳಿಗೆ 9,000. ಬಾಡಿಗೆ ಮನೆಗೆ 7,000. ನಾಲ್ಕು ತಿಂಗಳು ಕೆಲಸ ನಿಂತರೆ 64,000 ಹೋಯಿತು. ಮನೆಗೆ ಒಂದು ಕಲ್ಲೂ ಸೇರಲಿಲ್ಲ. ಕರೆಂಟ್ ಉಳಿಸುವ ಎಲ್ಲ ಸಾಮಾನಿಗೆ ನೀವು ಕೊಟ್ಟದ್ದಕ್ಕೆ ಇದು ಹತ್ತಿರ ಹತ್ತಿರ ಸಮ. ಸಂಬಳದ ಮೇಲೆ ಬದುಕುವ ಮನೆಗೆ ಇದು ಸಣ್ಣ ಪೆಟ್ಟಲ್ಲ ಮಾರಾಯ್ರೇ. ನನಗೆ ಈ ವಿಷಯದಲ್ಲಿ ನಿಜಕ್ಕೂ ಸಂಕಟ ಆಗುತ್ತದೆ.

ಪತ್ತನಾಜೆಯನ್ನು ನಿಮ್ಮ ಗಡುವು ಮಾಡಿಕೊಳ್ಳಿ. ಅಂದರೆ ಮೇ 24ರ ಹೊತ್ತಿಗೆ ನಾಲ್ಕೂ ಮನೆಯ ಮಾಡು ಮುಗಿದಿರಬೇಕು. ಮಾಡು ಮುಗಿದರೆ ಮಳೆಗಾಲವಿಡೀ ಒಳಗಿನ ವಯರಿಂಗ್, ಟೈಲ್ಸ್, ಬಾಗಿಲಿನ ಕೆಲಸ ನಡೆಯುತ್ತದೆ. ಅಕ್ಟೋಬರಿನಲ್ಲಿ ಪಂಚಾಂಗ (ಅಡಿಪಾಯ) ಶುರು ಮಾಡಿದರೆ ಮಾತ್ರ ಇದು ಸಾಧ್ಯ. ಅಕ್ಟೋಬರಿನಲ್ಲಿ ಶುರು ಮಾಡಬೇಕಾದರೆ ಪಂಚಾಯತಿನ ಇ-ಸ್ವತ್ತು ಆಸ್ತಿ ದಾಖಲೆ, ನಕ್ಷೆ ಮಂಜೂರಾತಿ, ಬ್ಯಾಂಕಿನ ಕಾಗದ ಎಲ್ಲ ಮಳೆಗಾಲದಲ್ಲೇ ಮುಗಿಯಬೇಕು. ಎಲ್ಲರೂ ಮಳೆ ನಿಂತ ಮೇಲೆ ಕಚೇರಿಗೆ ಓಡುತ್ತಾರೆ, ಆಗಲೇ ಎರಡು ತಿಂಗಳು ಹೋಗಿರುತ್ತದೆ. ನಾಲ್ಕು ಮನೆಗೆ ಒಂದೇ ನಕ್ಷೆ ಆದರೆ ಒಂದೇ ಸೆಂಟ್ರಿಂಗ್ ಸಾಮಾನು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ.

ಮಂಜೂರಾದ ನಕ್ಷೆಯಲ್ಲಿ ಶೀಟಿನ ಮಾಡೂ, ಅದರ ಮೂರಡಿ ಚಾಚೂ ಇರಲಿ. ಆಮೇಲೆ ಸೇರಿಸಿದ್ದು ಸೆಟ್‌ಬ್ಯಾಕಿನಲ್ಲಿ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ) ಸಿಕ್ಕಿಬಿದ್ದರೆ ಕಂಪ್ಲೀಷನ್ ಸರ್ಟಿಫಿಕೇಟಿಗೆ ತೊಂದರೆ. ಆ ಸರ್ಟಿಫಿಕೇಟ್ ಇಲ್ಲದೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯಂ ಮೀಟರ್ ಬರುವವರೆಗೆ ತಾತ್ಕಾಲಿಕ ಸಂಪರ್ಕದ ಹೆಚ್ಚಿನ ದರವೇ ಗತಿ.

ಕರೆಂಟಿನ ಲೆಕ್ಕವನ್ನು ಮನೆಯವರಿಗೆ ಹೀಗೆ ತೋರಿಸಿ. ಹೊಸ ಸಂಪರ್ಕಕ್ಕೆ ಹಿಂದಿನ ಬಳಕೆಯ ದಾಖಲೆ ಇರುವುದಿಲ್ಲ. ಹಾಗಾಗಿ ಗೃಹಜ್ಯೋತಿಯಲ್ಲಿ ಅವರಿಗೆ ಸಿಗುವುದು ತಿಂಗಳಿಗೆ 58 ಯೂನಿಟ್. ಅದು ದಾಟಿದರೆ ದಾಟಿದಷ್ಟಕ್ಕೆ ಬಿಲ್, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಸಾದಾ ಫ್ಯಾನು 75 ವ್ಯಾಟ್. ನಾಲ್ಕು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 90 ಯೂನಿಟ್. ಫ್ಯಾನಿನಲ್ಲೇ ಮಿತಿ ದಾಟಿತು. ನೀವು ಹಾಕಿದ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನುವ ಮೋಟರಿನ) ಫ್ಯಾನು 30 ವ್ಯಾಟ್ ಆಸುಪಾಸು. ಅದೇ ಲೆಕ್ಕಕ್ಕೆ 36 ಯೂನಿಟ್. ನಾಲ್ಕು ಫ್ಯಾನಿಗೆ ಹೆಚ್ಚೆಂದರೆ 5,000 ರೂಪಾಯಿ ವ್ಯತ್ಯಾಸ. ನೀವು ಹಾಕಿದ ಸಾಮಾನುಗಳಲ್ಲಿ ದುಡ್ಡಿಗೆ ಸರಿಯಾಗಿ ದುಡಿಯುತ್ತಿರುವುದು ಇದೊಂದೇ. ಇದನ್ನು ಮಾತ್ರ ಉಳಿಸಿಕೊಳ್ಳಿ.

ಬಿಸಿನೀರಿಗೆ ದೊಡ್ಡ ಗೀಸರಿನ ಆಸೆ ತೋರಿಸಬೇಡಿ. ಅದರಿಂದ ಮನೆಯ ಮಂಜೂರಾದ ಲೋಡ್ ಏರುತ್ತದೆ, ಮೆಸ್ಕಾಂನ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬೀಳುತ್ತದೆ. ತೆಂಗಿನ ಮರ ಇರುವ ಮನೆಗೆ ಸಿಪ್ಪೆ ಉರಿಸುವ ಹಂಡೆ ಒಲೆ ಈಗಲೂ ಒಳ್ಳೆಯದೇ, ಹೊಗೆ ಹೋಗಲು ಸರಿಯಾದ ಕೊಳವೆ ಇಟ್ಟರಾಯಿತು. ಸೋಲಾರ್ ಫಲಕದ ಆತುರವೂ ಬೇಡ. ಪಿಎಂ ಸೂರ್ಯಘರ್‌ನಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ಸಹಾಯಧನ ಇದ್ದರೂ, 58 ಯೂನಿಟ್ ಆಸುಪಾಸಿನಲ್ಲಿ ಬದುಕುವ ಮನೆಗೆ ಸದ್ಯಕ್ಕೆ ಅದರಿಂದ ಬರುವ ಲಾಭ ಕಮ್ಮಿ. ತಾರಸಿಯಿಂದ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪ್ ಹೂತಿಡಿ. ಒಂದು ಬೆಡ್‌ರೂಮಿಗೆ ಎಸಿಯ ಪೈಪ್, ನೀರು ಹೋಗುವ ದಾರಿ ಈಗಲೇ ಬಿಡಿ. ಮುಂದೆ ಬೇಕಾದವರು ಗೋಡೆ ಒಡೆಯದೆ ಹಾಕಿಕೊಳ್ಳುತ್ತಾರೆ.

ತೆರಿಗೆಯ ಕಡೆಯೂ ಒಮ್ಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ಎಸ್ಟಿಮೇಟ್ ಇಟ್ಟುಕೊಂಡಿದ್ದರೆ ತಿದ್ದಿ. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ, ಅದನ್ನು ತೆಗೆದುಕೊಳ್ಳುವವರಿಗೆ ಮೊದಲೇ ಹೇಳಿ. ಸಾಮಾನಿನ ರೇಟು ಕೇಳುವಾಗ ಯಾವಾಗಲೂ ಟ್ಯಾಕ್ಸ್, ಸಾಗಾಟ, ಇಳಿಸುವ ಕೂಲಿ ಸೇರಿಸಿ ಕೇಳಿ.

ಈಗ ಒಟ್ಟು ಕೂಡಿಸುವ. ನಿಮ್ಮ 15 ಲಕ್ಷದ ಮನೆಗೆ ಶೀಟಿನ ಮಾಡು 90,000, ಪ್ಲೇಟು, ಒಳ್ಳೆಯ ಸ್ಕ್ರೂವಿಗೆ 10,000, ಫ್ಯಾನಿಗೆ 5,000 ಸೇರಿಸಿ. ಎರಡು ಬದಿಯ ಪ್ಯಾರಪೆಟ್ ಉಳಿದದ್ದಕ್ಕೆ 20,000 ಕಳೆಯಿರಿ. 15,85,000 ಆಯಿತು. ಕೆಂಪು ಕಲ್ಲು, ತಿರುಗಣಿ ಕಿಟಕಿ ಮೊದಲೇ 15 ಲಕ್ಷದಲ್ಲಿ ಇದ್ದವು. ಮನೆಯವರಿಗೆ 15 ಲಕ್ಷ ಎಂದು ಹೇಳಬೇಡಿ. 15,85,000 ಎಂದೇ ಹೇಳಿ, ಇದರಲ್ಲಿ ಶೀಟಿನ ಮಾಡೂ ಸೇರಿದೆ, ಒಕ್ಕಲು ಆದ ಮೇಲೆ ನೀವು ಹಾಕಿಸಬೇಕಾದ್ದು ಏನೂ ಇಲ್ಲ ಎಂದು ಕಾಗದದಲ್ಲಿ ಬರೆದು ಕೊಡಿ. ಬೇರೆಯವರು 15ಕ್ಕೆ ಕೊಡುತ್ತೇವೆ ಎಂದಾಗ ಅವರ ಪಟ್ಟಿಯಲ್ಲಿ ಮಾಡು ಇದೆಯಾ ಎಂದು ಕೇಳಲು ಹೇಳಿ. ಪಿಎಂ ಆವಾಸ್ ನಗರ 2.0ರಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ಆದಾಯ ಇರುವವರಿಗೆ ಸಾಲದ ಬಡ್ಡಿಗೆ 1.80 ಲಕ್ಷದವರೆಗೆ ಸಹಾಯಧನ ಉಂಟು. ನಿಮ್ಮ ಜಾಗ ಪುರಸಭೆಯ ವ್ಯಾಪ್ತಿಗೆ ಬರುವುದಾದರೆ ಬ್ಯಾಂಕಿನಲ್ಲಿ ವಿಚಾರಿಸಲು ತಿಳಿಸಿ.

ಕಟ್ಟಿ ಮುಗಿದ ಎರಡು ಮನೆಗೆ ಈಗ ಮಾಡಬಹುದಾದದ್ದು ಎರಡೇ. ಶೀಟಿನ ತುದಿ ಮುಚ್ಚಿದ್ದರೆ ಬಿಚ್ಚಿಸಿ ಬಲೆ ಹೊಡೆಸಿ. ಬೆಡ್‌ರೂಮಿನ ಒಂದು ಕಿಟಕಿಯ ಸ್ಲೈಡಿಂಗ್ ಗಾಜು ತೆಗೆದು ಅದೇ ಜಾಗಕ್ಕೆ ತಿರುಗಣಿ ಬಾಗಿಲು ಕೂರಿಸಲು ಆಗುತ್ತದಾ ಎಂದು ಕಿಟಕಿಯವರ ಹತ್ತಿರ ಕೇಳಿ. ಆ ಖರ್ಚನ್ನು ಸಾಧ್ಯವಾದರೆ ನೀವೇ ಹಾಕಿಕೊಳ್ಳಿ. ಉಳಿದ ನಾಲ್ಕು ಮನೆಯವರು ಮಾರ್ಚ್ ತಿಂಗಳ ಮಧ್ಯಾಹ್ನ ಬಂದು ಆ ಮನೆಯೊಳಗೆ ಅರ್ಧ ಗಂಟೆ ಕೂರಲಿ. ಆಮೇಲೆ ಸಾದಾ ಮನೆ ಬೇಕೋ ಬೇಡವೋ ಅವರೇ ಹೇಳುತ್ತಾರೆ.